ರಾವೆಲ್‌ನ ಕ್ವಾರ್ಟೆಟ್: ಕೊನೆಯ ಭಾಗ ನಿಜವಾಗಿಯೂ ಮೊಟಕೇ?

ಸಂಜೆಗಿವಿ

ಮೂರು ವಾರಗಳಿಂದ ಒಂದೇ ಕೃತಿಯ ಹಿಂದೆ ಬಿದ್ದಿದ್ದೇನೆ. ಫ್ರೆಂಚ್ ಸಂಯೋಜಕ ಮೋರಿಸ್ ರಾವೆಲ್‌ನ ಸ್ಟ್ರಿಂಗ್ ಕ್ವಾರ್ಟೆಟ್, ಎಫ್ ಮೇಜರ್, 1903. ಎರಡು ಪಿಟೀಲು, ಪಿಟೀಲಿಗಿಂತ ತುಸು ದೊಡ್ಡದಾದ, ತಗ್ಗು ದನಿಯ ಒಂದು ವಿಯೋಲ, ಎಲ್ಲಕ್ಕಿಂತ ದೊಡ್ಡದಾದ, ಎಲ್ಲಕ್ಕಿಂತ ತಗ್ಗು ದನಿಯ ಒಂದು ಚೆಲ್ಲೊ. ಹೆಚ್ಚುಕಡಿಮೆ ಅರ್ಧ ಗಂಟೆ. ಅವನು ಬರೆದ ಕ್ವಾರ್ಟೆಟ್ ಇದೊಂದೇ.

ಮೊದಲ ಭಾಗ ಶುರುವಾಗುವಾಗ ಯಾರೋ ಬಾಗಿಲು ತಟ್ಟದೆ ಒಳಗೆ ಬಂದು ಕುಳಿತ ಹಾಗಿರುತ್ತದೆ. ಮೇಲೆ ಪಿಟೀಲು ಹಾಡುತ್ತಿರುತ್ತದೆ, ಕೆಳಗೆ ಎರಡನೆಯ ಪಿಟೀಲೂ ಚೆಲ್ಲೊವೂ ಜೊತೆಯಾಗಿ ಮೆಟ್ಟಿಲು ಹತ್ತುತ್ತಿರುತ್ತವೆ. ಎರಡನೆಯ ಭಾಗದಲ್ಲಿ ನಾಲ್ವರೂ ಕಮಾನು ಬಿಟ್ಟು ಬೆರಳಿನಿಂದ ತಂತಿ ಮೀಟುತ್ತಾರೆ. ಪಾಶ್ಚಾತ್ಯ ಸಂಗೀತವೆಂದರೆ ಮುಖ ತಿರುಗಿಸುವ ನನ್ನ ತಂದೆಯೂ ಅಲ್ಲಿ ಪತ್ರಿಕೆ ಕೆಳಗಿಟ್ಟರು. ಮೂರನೆಯದು ನಿಧಾನ, ಮಬ್ಬು, ಅರ್ಧ ಕನಸು. ಇಲ್ಲಿಯವರೆಗೆ ತಕರಾರಿಲ್ಲ.

ತಕರಾರು ನಾಲ್ಕನೆಯದರ ಮೇಲೆ. ಅದು ಕನಸು ಕಾಣುತ್ತಿದ್ದವನ ಹೊದಿಕೆಯನ್ನು ಎಳೆದು ಎಬ್ಬಿಸುತ್ತದೆ, ಐದು ನಿಮಿಷ ಮನೆಯೆಲ್ಲ ಓಡಾಡುತ್ತದೆ, ಮೇಲಕ್ಕೆ ಹಾರಿ ನಿಂತುಬಿಡುತ್ತದೆ. ಮುಗಿಯಿತೆಂದು ತಿಳಿಯುವ ಹೊತ್ತಿಗೆ ಕೋಣೆಯಲ್ಲಿ ಸದ್ದೇ ಇರುವುದಿಲ್ಲ. ಇದು ನನ್ನ ಕಿವಿಯ ದೋಷವೇ ಎಂದು ಹುಡುಕಿದೆ. ರಾವೆಲ್‌ನ ಗುರು ಗಾಬ್ರಿಯೆಲ್ ಫೋರೆ ಕೂಡ ಈ ಭಾಗ ಮೊಟಕಾಗಿದೆ, ತೂಕ ತಪ್ಪಿದೆ, ಒಟ್ಟಿನಲ್ಲಿ ಸೋತಿದೆ ಎಂದಿದ್ದರಂತೆ. ಕೃತಿ ಅರ್ಪಣೆಯಾಗಿರುವುದು ಅವರಿಗೇ!

ಬಲ್ಲವರು ಹೇಳಿ. ಗುರು ಹೇಳಿದ್ದು ಸರಿಯೇ, ಶಿಷ್ಯ ಮಾಡಿದ್ದು ಸರಿಯೇ?

ಹಳೆತಟ್ಟೆ

ಮೊದಲು ಹಿನ್ನೆಲೆ. ಇಲ್ಲದಿದ್ದರೆ ಫೋರೆ ಮೇಷ್ಟರಿಗೆ ಅನ್ಯಾಯವಾಗುತ್ತದೆ.

ಈ ಕ್ವಾರ್ಟೆಟ್ ಹುಟ್ಟಿದ್ದು ಪರೀಕ್ಷೆಯ ಕೋಣೆಯ ಪಕ್ಕದಲ್ಲಿ. ರಾವೆಲ್ ಅದನ್ನು ಆರಂಭಿಸಿದ್ದು 1902ರ ಕೊನೆಯಲ್ಲಿ. ಮುಂದಿನ ಜನವರಿಯಲ್ಲಿ ಮೊದಲ ಭಾಗವನ್ನು ಪ್ಯಾರಿಸ್‌ನ ಸಂಗೀತ ವಿದ್ಯಾಲಯ ಕನ್ಸರ್ವತ್ವಾರ್‌ನ ಸಂಯೋಜನಾ ಸ್ಪರ್ಧೆಗೆ ಕೊಟ್ಟ. ಬಹುಮಾನ ಬರಲಿಲ್ಲ. ಬಹುಮಾನವಿಲ್ಲದವರಿಗೆ ಅಲ್ಲಿ ಜಾಗವಿರಲಿಲ್ಲ, ಹಾಜರಿ ಪಟ್ಟಿಯಿಂದ ಹೆಸರು ಹೋಯಿತು. ಆದರೂ ಉಳಿದ ಮೂರು ಭಾಗಗಳನ್ನು ಏಪ್ರಿಲ್ ಹೊತ್ತಿಗೆ ಮುಗಿಸಿದ. ಮೊದಲ ಬಾರಿ ನುಡಿಸಿದ್ದು ಹೇಮನ್ ಕ್ವಾರ್ಟೆಟ್, 1904ರ ಮಾರ್ಚ್ 5ರಂದು, ಸೊಸಿಯೆತೆ ನಸಿಯೊನಾಲ್ ಎಂಬ ಸಂಗೀತ ಸಂಘದ ಕಛೇರಿಯಲ್ಲಿ. ಎರಡು ದಿನ ಕಳೆದರೆ ಅವನಿಗೆ ಇಪ್ಪತ್ತೊಂಬತ್ತು ತುಂಬುತ್ತಿತ್ತು.

ಈ ನಡುವೆ ಫ್ರಾನ್ಸ್‌ನ ಯುವ ಸಂಯೋಜಕರಿಗೆ ಕೊಡುತ್ತಿದ್ದ ರೋಮ್ ಬಹುಮಾನಕ್ಕೆ ಐದು ಬಾರಿ ಪ್ರಯತ್ನ: 1900, 1901, 1902, 1903, 1905. ಒಮ್ಮೆ ಮಾತ್ರ ಮೂರನೆಯ ಸ್ಥಾನ. ಕೊನೆಯ ಸಲ ಅವನನ್ನು ಮೊದಲ ಸುತ್ತಿನಲ್ಲೇ ಹೊರಗಿಟ್ಟರು. ಆ ಹೊತ್ತಿಗೆ ಈ ಕ್ವಾರ್ಟೆಟ್ ಅಚ್ಚಾಗಿ ವರ್ಷವಾಗಿತ್ತು! ಪತ್ರಿಕೆಗಳಲ್ಲಿ ಗಲಾಟೆಯೆದ್ದಿತು. ಕೊನೆಯ ಸುತ್ತಿಗೆ ಹೋದವರೆಲ್ಲ ತೀರ್ಪುಗಾರರಲ್ಲಿ ಒಬ್ಬರ ಶಿಷ್ಯರೇ ಎಂಬುದು ಬಯಲಾಯಿತು. ಕನ್ಸರ್ವತ್ವಾರ್‌ನ ನಿರ್ದೇಶಕ ದ್ಯುಬ್ವಾ ಹೋದರು, ಆ ಕುರ್ಚಿಗೆ ಬಂದವರು ಫೋರೆ.

ಆದ್ದರಿಂದ ಫೋರೆಯ ಮಾತನ್ನು ಶತ್ರುವಿನ ಮಾತಾಗಿ ಓದಬೇಡಿ. ಮನೆಯ ಹಿರಿಯರು ಅಡುಗೆಗೆ ಉಪ್ಪು ಕಡಿಮೆ ಎಂದಂತೆ ಅದು.

ಅರೆಮನಸ್ಸು

ಉಪ್ಪಿನ ಮಾತು ಬಿಡಿ. ಇದು ಹತ್ತು ವರ್ಷ ಮೊದಲು ಫ್ರಾನ್ಸ್‌ನ ಇನ್ನೊಬ್ಬ ಸಂಯೋಜಕ ಡೆಬ್ಯುಸಿ ಬರೆದ ಕ್ವಾರ್ಟೆಟ್‌ನ ನೆರಳಲ್ಲವೇ? ಅಲ್ಲೂ ನಾಲ್ಕು ಭಾಗ, ಅಲ್ಲೂ ಎರಡನೆಯದರಲ್ಲಿ ತಂತಿ ಮೀಟುವುದು, ಅಲ್ಲೂ ಮೂರನೆಯದರಲ್ಲಿ ಮ್ಯೂಟ್ (ತಂತಿಯ ದನಿ ತಗ್ಗಿಸುವ ತುಂಡು) ಹಾಕಿದ ನಿಧಾನದ ಹಾಡು, ಅಲ್ಲೂ ಮೊದಲ ಭಾಗದ ಎಳೆ ಮುಂದಿನ ಭಾಗಗಳಲ್ಲಿ ತಲೆಯೆತ್ತುವುದು. 'ಲ ತಾಂ' ಪತ್ರಿಕೆಯ ವಿಮರ್ಶಕ ಪಿಯೆರ್ ಲಾಲೊ ಆಗಲೇ ಇದನ್ನು ಬರೆದಿದ್ದಾನೆ: ಸ್ವರಮೇಳ, ನಾದ, ರೂಪ ಎಲ್ಲದರಲ್ಲೂ ನಂಬಲಾಗದಷ್ಟು ಡೆಬ್ಯುಸಿಯ ಹೋಲಿಕೆ ಎಂದು.

ನಕ್ಷೆ ಇನ್ನೊಬ್ಬನದಾದರೆ ಮನೆ ಎಷ್ಟು ಚೆನ್ನಾಗಿದ್ದರೇನು?

ಕಮಾನುಗಾರ್ತಿ

ಅರೆಮನಸ್ಸು ಅವರೇ, ನಕ್ಷೆಯ ಹೋಲಿಕೆ ನಿಜ. ನಾನು ವಿಯೋಲ ನುಡಿಸುತ್ತೇನೆ. ವೃತ್ತಿಯಾಗಿ ಅಲ್ಲ, ಗೆಳೆಯರ ಗುಂಪಿನಲ್ಲಿ. ಎರಡನ್ನೂ ನುಡಿಸಲು ಹೆಣಗಾಡಿದ್ದೇನೆ. ಕೂತು ನುಡಿಸುವಾಗ ಎರಡೂ ಬೇರೆಬೇರೆ ಪ್ರಾಣಿಗಳು.

ಡೆಬ್ಯುಸಿ 1893ರಲ್ಲಿ ಒಂದು ಎಳೆಯನ್ನು ತೆಗೆದುಕೊಂಡು ಅದನ್ನು ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ, ವೇಷ ಹಾಕಿಸುತ್ತಾನೆ. ನುಡಿಸುವವರ ಮೈ ಬಿಸಿಯಾಗುತ್ತದೆ. ಸ್ವಲ್ಪ ಜೋರಾಯಿತೇ, ಪರವಾಗಿಲ್ಲ, ಅದೂ ನಡೆಯುತ್ತದೆ. ರಾವೆಲ್‌ನಲ್ಲಿ ಅದು ನಡೆಯುವುದಿಲ್ಲ. ಒಬ್ಬರ ಕಮಾನು ಒಂದು ಬೆರಳಗಲ ಹೆಚ್ಚು ಎಳೆದರೆ ಉಳಿದ ಮೂವರೂ ತಲೆಯೆತ್ತಿ ನೋಡುತ್ತಾರೆ. ಎಲ್ಲವೂ ಅಳತೆ. ಮೊದಲ ಭಾಗದ ಹಣೆಯ ಮೇಲೇ 'ತುಂಬ ಮೃದುವಾಗಿ' ಎಂದು ಬರೆದಿದ್ದಾನೆ. ಮೃದು ಎಂದರೆ ಸಡಿಲ ಎಂದು ತಿಳಿದವರು ಮೊದಲ ಪುಟದಲ್ಲೇ ಮುಗ್ಗರಿಸುತ್ತಾರೆ. ನಾವೂ ಮುಗ್ಗರಿಸಿದೆವು.

ಒಂದು ಉದಾಹರಣೆ ಸಾಕು. ಮೊದಲ ಭಾಗದ ಎರಡನೆಯ ರಾಗದೆಳೆಯನ್ನು ಮೊದಲ ಪಿಟೀಲೂ ವಿಯೋಲವೂ ಸೇರಿ ನುಡಿಸುತ್ತವೆ, ಆದರೆ ಎರಡು ಸ್ಥಾಯಿಗಳ ಅಂತರದಲ್ಲಿ. ನಡುವಿನ ಸ್ಥಾಯಿ ಖಾಲಿ. ಈ ಖಾಲಿ ಜಾಗವೇ ಆ ಎಳೆಯ ಬಣ್ಣ. ಮಗುವೊಂದು ಹಾಡುತ್ತಿದ್ದಾಗ ಪಕ್ಕದ ಕೋಣೆಯಿಂದ ಅಜ್ಜನೂ ದನಿಗೂಡಿಸಿದ ಹಾಗೆ. ಆ ಅಜ್ಜ ನಾನು, ಮತ್ತು ಶ್ರುತಿ ಕೂದಲೆಳೆಯಷ್ಟು ಸರಿದರೂ ಅಡಗಿಕೊಳ್ಳಲು ನನಗೆ ಎಲ್ಲೂ ಜಾಗವಿಲ್ಲ.

ಲಾಲೊನನ್ನು ಉಲ್ಲೇಖಿಸಿದಿರಿ. ಅದೇ ವರ್ಷ 'ಮೆರ್ಕ್ಯೂರ್ ದ ಫ್ರಾನ್ಸ್' ಪತ್ರಿಕೆಯಲ್ಲಿ ಜ್ಯಾಂ ಮಾರ್ನೊಲ್ ಈ ಹೆಸರನ್ನು ನೆನಪಿಡಿ, ನಾಳೆಯ ದೊಡ್ಡ ಸಂಗೀತಗಾರರಲ್ಲಿ ಇವನೊಬ್ಬ ಎಂಬರ್ಥದಲ್ಲಿ ಬರೆದ. ಅದನ್ನೂ ಸೇರಿಸಿಕೊಳ್ಳಿ.

ಅರೆಮನಸ್ಸು

ಸೇರಿಸಿಕೊಂಡೆ. ಆದರೂ ನೀವು ಹೇಳುತ್ತಿರುವುದು ನುಡಿಸುವವರ ಕಷ್ಟ. ಕೇಳುವವನಿಗೆ ಏನು?

ತಕಿಟ

ಕೇಳುವವನಿಗೆ ಎರಡನೆಯ ಭಾಗ ಇದೆಯಲ್ಲ! ನಾನು ಮೃದಂಗದ ವಿದ್ಯಾರ್ಥಿ, ಪಾಶ್ಚಾತ್ಯ ಸಂಗೀತದ ವ್ಯಾಕರಣ ನನಗೆ ಬಾರದು. ಆದರೆ ಆ ಮೀಟುವ ಭಾಗ ಕೇಳಿದ ಕೂಡಲೇ ಬೆರಳು ತೊಡೆಯ ಮೇಲೆ ಓಡಿತು.

ಅಲ್ಲಿ ನಡೆಯುವುದು ಇಷ್ಟು. ಆರು ಅಕ್ಷರಗಳ ಒಂದು ಅಳತೆ. ಅದನ್ನು 'ತಕಿಟ ತಕಿಟ' ಎಂದೂ ಕಟ್ಟಬಹುದು, 'ತಕ ತಕ ತಕ' ಎಂದೂ ಕಟ್ಟಬಹುದು. ರಾವೆಲ್ ಎರಡನ್ನೂ ಒಂದರ ಮೇಲೊಂದು ಹಾಕುತ್ತಾನೆ. ಒಬ್ಬರು ಮೂರರಲ್ಲಿ ನಡೆದರೆ ಪಕ್ಕದವರು ಎರಡರಲ್ಲಿ. ಅವರು ಬರೆಯುವ ರೀತಿಯಲ್ಲಿ ಆರು-ಎಂಟು ಮತ್ತು ಮೂರು-ನಾಲ್ಕು. ಕಿವಿಗೆ ಯಾವುದು ಸಿಗುತ್ತದೆಯೋ ಅದನ್ನೇ ಹಿಡಿದು ಹೋಗಿ, ನಡುವೆ ಇನ್ನೊಂದಕ್ಕೆ ಹಾರಿ ನೋಡಿ. ನಾನು ಬಸ್ಸಿನಲ್ಲಿ ಹೀಗೆ ಹಾರುತ್ತ ಇಳಿಯುವ ನಿಲ್ದಾಣ ದಾಟಿ ಹೋದೆ.

ಸ್ವರಗಳು ನಮ್ಮ ನಠಭೈರವಿ ರಾಗದವೇ, ಕನಿಷ್ಠ ಆರಂಭದಲ್ಲಿ. ರಾಗವೆಂದು ಹೇಳುತ್ತಿಲ್ಲ. ಗಮಕವಿಲ್ಲದೆ ಮೀಟಿದ ಬರಿಯ ಸ್ವರಗಳು, ಅಷ್ಟೆ.

ಲಿಯೋನ್ ಕನ್ನಡಿಗ

ಎರಡನೆಯ ಭಾಗದ ಬಗ್ಗೆ ಇಲ್ಲಿ ಫ್ರಾನ್ಸ್‌ನ ಕಛೇರಿಗಳ ಪುಸ್ತಿಕೆಗಳಲ್ಲಿ ತಪ್ಪದೆ ಒಂದು ಸಾಲು ಕಾಣುತ್ತೇನೆ: ಜಾವಾದ ಗಮೆಲಾನ್ ಪ್ರಭಾವ. 1889ರ ಪ್ಯಾರಿಸ್ ವಿಶ್ವ ಪ್ರದರ್ಶನಕ್ಕೆ ಜಾವಾದಿಂದ ಕಂಚಿನ ವಾದ್ಯಗಳ ತಂಡ ಬಂದಿತ್ತು, ಹದಿನಾಲ್ಕರ ಹುಡುಗ ರಾವೆಲ್ ಅದನ್ನು ಕೇಳಿದ್ದ. ಅದು ಸರಿ. ಆದರೆ ಮೀಟಿದ ತಂತಿಯ ಸದ್ದೆಲ್ಲ ಜಾವಾದಿಂದಲೇ ಬರಬೇಕೇ?

ಅವನ ತಾಯಿ ಬಾಸ್ಕ್ ನಾಡಿನವಳು, ಬೆಳೆದದ್ದು ಮ್ಯಾಡ್ರಿಡ್‌ನಲ್ಲಿ. ಅವನು ಹುಟ್ಟಿದ ಸಿಬೂರ್ ಇರುವುದು ಸ್ಪೇನ್ ಗಡಿಯ ಅಂಚಿನಲ್ಲಿ. ತಕಿಟ ಅವರು ಹೇಳಿದ ಆರರ ಎರಡು ಕಟ್ಟು, ಮೂರು-ಮೂರು ಮತ್ತು ಎರಡು-ಎರಡು-ಎರಡು, ಸ್ಪೇನ್‌ನ ಕುಣಿತಗಳಲ್ಲಿ ದಿನಬಳಕೆಯ ಸಾಮಾನು. ನಾಲ್ಕು ವಾದ್ಯಗಳು ಸೇರಿ ಒಂದು ದೊಡ್ಡ ಗಿಟಾರ್ ಆಗಿವೆ ಎಂದು ಕೇಳಿ ನೋಡಿ. ಎಷ್ಟು ಸಲೀಸಾಗಿ ಹೊಂದುತ್ತದೆ!

ಹಳೆತಟ್ಟೆ

ಗಿಟಾರ್ ಪಕ್ಷಕ್ಕೆ ನನ್ನ ಮತ. ಗಮೆಲಾನ್ ಎಂಬುದು ಆ ಕಾಲದ ಫ್ರೆಂಚ್ ಸಂಗೀತಕ್ಕೆಲ್ಲ ಹಚ್ಚುವ ಮುಲಾಮಾಗಿಬಿಟ್ಟಿದೆ.

ಕಮಾನುಗಾರ್ತಿ

ಎರಡೂ ಇರಲಿ ಎನ್ನುತ್ತೇನೆ. ಮೀಟುವಾಗ ಗಿಟಾರ್, ಅದರ ನಡುವೆ ಕಮಾನಿನಿಂದ ಎತ್ತರದಲ್ಲಿ ಗುಂಯ್‌ಗುಡುವ ಸ್ವರಗಳು ಬರುವಾಗ ಕಂಚು. ಜಗಳವಾಡುವವರು ಒಂದು ಕೈಯಲ್ಲಿ ಕಮಾನು ಹಿಡಿದುಕೊಂಡೇ ಅದೇ ಕೈಯ ಬೆರಳಿನಿಂದ ಆ ವೇಗದಲ್ಲಿ ಮೀಟಿ ತೋರಿಸಲಿ, ಆಮೇಲೆ ಮಾತಾಡೋಣ. ನನ್ನ ತೋರುಬೆರಳಿನಲ್ಲಿ ಎರಡು ವಾರ ಗುಳ್ಳೆ ಇತ್ತು.

ವೀಣೆಮನೆ

ಎರಡು ದಿನದಿಂದ ಓದುತ್ತಿದ್ದೇನೆ, ಬರೆಯಲು ಧೈರ್ಯ ಸಾಲಲಿಲ್ಲ. ನಾನು ಮಕ್ಕಳಿಗೆ ವೀಣೆ ಹೇಳಿಕೊಡುವವಳು. ಕಮಾನುಗಾರ್ತಿಯವರು ಹೇಳಿದ ಆ ಎರಡನೆಯ ಎಳೆ, ಪಿಟೀಲು ಮತ್ತು ವಿಯೋಲ ಎರಡು ಸ್ಥಾಯಿ ದೂರದಲ್ಲಿ ನುಡಿಸುವುದು, ಮೊದಲ ಭಾಗದಲ್ಲಿ ಎರಡು ಬಾರಿ ಬರುತ್ತದೆ. ಒಮ್ಮೆ ಆರಂಭದ ಕಡೆಗೆ, ಇನ್ನೊಮ್ಮೆ ಕೊನೆಯ ಕಡೆಗೆ. ಮೊದಲ ಸಲ ಕೇಳಿದಾಗ ಮನಸ್ಸು ಕುಗ್ಗುತ್ತದೆ, ಎರಡನೆಯ ಸಲ ಅದೇ ಹಾಡು ಬೆಳಕಾಗುತ್ತದೆ. ಹಾಡು ಬದಲಾಗಿದೆ ಎಂದುಕೊಂಡು ಹಿಂದೆ ಮುಂದೆ ಮಾಡಿ ಹತ್ತು ಸಲ ಕೇಳಿದೆ. ಹಾಡು ಬದಲಾಗಿಯೇ ಇಲ್ಲ! ಏನಾಗುತ್ತಿದೆ ಎಂದು ಗೊತ್ತಿರುವವರು ತಿಳಿಸುವಿರಾ?

ಕಮಾನುಗಾರ್ತಿ

ವೀಣೆಮನೆ ಮೇಡಂ, ನಿಮ್ಮ ಕಿವಿಗೆ ನಮಸ್ಕಾರ. ಈ ಕೃತಿಯ ಬಗ್ಗೆ ಬರೆದವರೆಲ್ಲ ಬೆರಳಿಟ್ಟು ತೋರಿಸುವ ಜಾಗ ಅದು.

ಮೇಲಿನ ಮೂರು ವಾದ್ಯಗಳು ಎರಡನೆಯ ಸಲವೂ ನುಡಿಸುವುದು ಮೊದಲ ಸಲದ ಸ್ವರಗಳನ್ನೇ. ಚೆಲ್ಲೊ ಮಾತ್ರ ಬದಲಾಗುತ್ತದೆ. ಮೊದಲ ಸಲ ಅದು ಡಿ ಮೇಲೆ ನಿಂತಿರುತ್ತದೆ, ಎರಡನೆಯ ಸಲ ಮೈನರ್ ಥರ್ಡ್‌ನಷ್ಟು, ಎಂದರೆ ಮೂರು ಅರ್ಧಸ್ವರದಷ್ಟು, ಮೇಲೇರಿ ಎಫ್‌ಗೆ ಬರುತ್ತದೆ. ಡಿ ಆಧಾರದ, ಮಂಕಾದ ಡಿ ಮೈನರ್ ಇದ್ದದ್ದು ಎಫ್ ಆಧಾರದ, ಬೆಳಕಿನ ಎಫ್ ಮೇಜರ್ ಆಗುತ್ತದೆ. ನನ್ನ ಭಾಗದ ಹಾಳೆಯಲ್ಲಿ ನೋಡಿದರೆ ಎರಡೂ ಒಂದೇ. ಅಭ್ಯಾಸದ ದಿನ ಚೆಲ್ಲೊ ನುಡಿಸುವ ಗೆಳೆಯ ತಡವಾಗಿ ಬಂದಿದ್ದ. ಮೂವರೇ ನುಡಿಸಿ ನೋಡಿದೆವು. ಯಾವುದು ಮೊದಲನೆಯದು, ಯಾವುದು ಎರಡನೆಯದು ಎಂದು ನಮಗೇ ಗೊತ್ತಾಗಲಿಲ್ಲ.

ವೀಣೆಮನೆ

ಅಯ್ಯೋ, ಇದು ಗ್ರಹಭೇದ!

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಂದೇ ಸ್ವರಗಳ ಸಾಲನ್ನು ಇಟ್ಟುಕೊಂಡು ಷಡ್ಜವನ್ನು ಮಾತ್ರ ಬೇರೆ ಸ್ವರದ ಮೇಲೆ ಕೂರಿಸಿದರೆ ಇನ್ನೊಂದು ರಾಗದ ಸ್ವರಗಳು ಹೊರಡುತ್ತವೆ. ನಠಭೈರವಿಯ ಗಾಂಧಾರವನ್ನು ಷಡ್ಜ ಮಾಡಿಕೊಂಡರೆ ಶಂಕರಾಭರಣ. ಡಿಯಿಂದ ಎಫ್‌ಗೆ ಎಂದರೆ ಸರಿಯಾಗಿ ಅದೇ ದೂರ, ಸಾಧಾರಣ ಗಾಂಧಾರ. ಹಾರ್ಮೋನಿಯಂ ಇದ್ದವರು ಬಿಳಿ ಎರಡನ್ನು ಒತ್ತಿಕೊಂಡು ಆ ಹಾಡನ್ನು ಗುನುಗಲಿ, ಆಮೇಲೆ ಬಿಳಿ ನಾಲ್ಕಕ್ಕೆ ಬದಲಿಸಿ ಅದೇ ಹಾಡನ್ನು ಅದೇ ಎತ್ತರದಲ್ಲಿ ಗುನುಗಲಿ. ನಾನು ಈಗಷ್ಟೇ ಮಾಡಿದೆ. ಪಕ್ಕದ ಕೋಣೆಯಲ್ಲಿದ್ದ ಮಗಳು "ಅಮ್ಮ, ಹಾಡು ಬದಲಾಯಿಸಿದೆಯಾ?" ಎಂದು ಕೇಳಿದಳು.

ನಮ್ಮಲ್ಲಿ ಹಾಡುವವರು ಗ್ರಹಭೇದ ಮಾಡಿದರೆ ಅದು ಚಮತ್ಕಾರ. ಸಭೆ ತಲೆದೂಗುತ್ತದೆ, ಹಾಡುವವರೂ ಸ್ವಲ್ಪ ನಗುತ್ತಾರೆ. ಇಲ್ಲಿ ಇವನು ಯಾರಿಗೂ ಹೇಳದೆ, ಕೆಳಗಿನ ವಾದ್ಯವನ್ನು ಮೆಲ್ಲಗೆ ಸರಿಸಿ ಕೆಲಸ ಮುಗಿಸಿದ್ದಾನೆ. ಹಾಡಿನ ದುಃಖ ಹಾಡಿನಲ್ಲಿ ಇರಲೇ ಇಲ್ಲ, ಅದು ನಿಂತ ನೆಲದಲ್ಲಿತ್ತು.

ಅರೆಮನಸ್ಸು

ಸಂಪೂರ್ಣ ಗ್ರಹಭೇದ ಎನ್ನಬಹುದೇ? ಅಲ್ಲಿ ಹಾರ್ಮೊನಿ (ಒಟ್ಟಿಗೆ ಮೊಳಗುವ ಸ್ವರಗಳ ಜೋಡಣೆ) ಇದೆ, ನಡುವಿನ ವಾದ್ಯಗಳಲ್ಲಿ ಬೇರೆ ಸ್ವರಗಳೂ ಓಡಾಡುತ್ತವೆ.

ವೀಣೆಮನೆ

ಸಂಪೂರ್ಣ ಅಲ್ಲ, ಒಪ್ಪುತ್ತೇನೆ. ರಾವೆಲ್ ಗ್ರಹಭೇದ ಕಲಿತಿದ್ದ ಎಂದೂ ನಾನು ಹೇಳುತ್ತಿಲ್ಲ, ಹಾಗೆ ಯಾರಾದರೂ ವಾಟ್ಸ್ಆ್ಯಪ್‌ನಲ್ಲಿ ಹರಿಬಿಟ್ಟರೆ ಪಾಪ ನನಗೆ ಬೇಡ. ನನ್ನ ಕಿವಿ ಅದನ್ನು ಯಾವ ಬಾಗಿಲಿನಿಂದ ಒಳಗೆ ಬಿಟ್ಟುಕೊಂಡಿತು ಎಂದಷ್ಟೇ ಹೇಳಿದೆ.

ಅರೆಮನಸ್ಸು

ಸರಿ. ಡೆಬ್ಯುಸಿ ಈ ಕೆಲಸ ಮಾಡಿಲ್ಲ. ನಕ್ಷೆಯ ಮಾತನ್ನು ಅರ್ಧ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಹೆಸರಿಗೆ ತಕ್ಕಂತೆ ಅರ್ಧ ಮಾತ್ರ.

ಕಮಾನುಗಾರ್ತಿ

ಅರ್ಧ ಗೆದ್ದ ಉತ್ಸಾಹದಲ್ಲಿ ಮೂರನೆಯ ಭಾಗದ ಬಗ್ಗೆಯೂ ಒಂದು ಮಾತು. ಸಂಜೆಗಿವಿ ಅವರು ಮಬ್ಬು ಎಂದರು. ಆ ಮಬ್ಬು ಎಲ್ಲಿಂದ ಬರುತ್ತದೆ ಗೊತ್ತೇ? ಮ್ಯೂಟ್ ಹಾಕುತ್ತೇವೆ, ಅದು ಒಂದು ಕಾರಣ. ಇನ್ನೊಂದು ಕಾರಣ ವಾದ್ಯದ ಮೈಯಲ್ಲೇ ಇದೆ.

ಪಾಶ್ಚಾತ್ಯ ಪದ್ಧತಿಯಲ್ಲಿ ಪಿಟೀಲಿನ ನಾಲ್ಕು ತಂತಿಗಳು ಜಿ, ಡಿ, ಎ, ಇ. ವಿಯೋಲ, ಚೆಲ್ಲೊಗಳದ್ದು ಸಿ, ಜಿ, ಡಿ, ಎ. ನಾಲ್ಕೂ ವಾದ್ಯಗಳನ್ನು ಸೇರಿಸಿದರೆ ಬೆರಳಿಡದ ತಂತಿಗಳಲ್ಲಿ ಸಿಗುವುದು ಐದೇ ಸ್ವರ. ಮೊದಲ ಭಾಗದ ಎಫ್ ಮೇಜರ್‌ನಲ್ಲಿ ಆ ಐದೂ ಇವೆ. ಎರಡನೆಯ ಭಾಗದ ಎ ಮೈನರ್‌ನಲ್ಲೂ ಐದೂ ಇವೆ. ಆದ್ದರಿಂದ ನೀವು ನುಡಿಸುವ ಹೆಚ್ಚಿನ ಸ್ವರಗಳಿಗೆ ಮುಟ್ಟದ ತಂತಿಯೊಂದು ತಾನಾಗಿ ಮಿಡಿಯುತ್ತಿರುತ್ತದೆ, ಇಡೀ ಪೆಟ್ಟಿಗೆ ಮೊಳಗುತ್ತದೆ.

ಮೂರನೆಯ ಭಾಗ ಹೋಗಿ ನೆಲೆಸುವುದು ಜಿ ಫ್ಲ್ಯಾಟ್ ಮೇಜರ್‌ನಲ್ಲಿ. ಅದರ ಏಳು ಸ್ವರಗಳಲ್ಲಿ ಆ ಐದರಲ್ಲಿ ಒಂದೂ ಇಲ್ಲ. ಒಂದೂ! ಎಲ್ಲ ಸ್ವರಕ್ಕೂ ಬೆರಳಿಡಲೇಬೇಕು, ಜೊತೆಗೆ ಮಿಡಿಯುವ ತಂತಿ ಇಲ್ಲ. ಅದೇ ಮರ, ಅದೇ ತಂತಿ, ಆದರೆ ಕಿಟಕಿಗಳನ್ನೆಲ್ಲ ಮುಚ್ಚಿದ ಮನೆ. ನಡುವೆ ಬೇರೆ ಶ್ರುತಿಗಳಿಗೂ ಹೋಗಿ ಬರುತ್ತದೆ, ಆಗ ಒಂದು ಕ್ಷಣ ಕಿಟಕಿ ತೆರೆದದ್ದು ನುಡಿಸುವವರ ಗದ್ದಕ್ಕೆ ಗೊತ್ತಾಗುತ್ತದೆ. ಉತ್ಪ್ರೇಕ್ಷೆಯಲ್ಲ, ವಾದ್ಯ ಒತ್ತಿ ಹಿಡಿದಿರುವುದು ಅಲ್ಲೇ.

ಈ ಮುಚ್ಚಿದ ಮನೆಯೊಳಗೆ ಮೊದಲ ಭಾಗದ ಮೊದಲ ಎಳೆ ಆಗಾಗ ಬಂದು ಇಣುಕುತ್ತದೆ. ಮುಂದಿನ ಸಲ ಕೇಳುವಾಗ ಕಾದು ಕುಳಿತುಕೊಳ್ಳಿ.

ತಕಿಟ

ಇದನ್ನು ಓದಿ ಮೂರನೆಯ ಭಾಗವನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಇಣುಕುವುದು ಸಿಕ್ಕಿತು. ನನಗೆ ಅದು ಪರಿಚಿತರನ್ನು ಕನಸಿನಲ್ಲಿ ಕಂಡ ಹಾಗಿತ್ತು, ಮುಖ ಅದೇ, ಮಾತು ಬೇರೆ.

ಸಂಜೆಗಿವಿ

ಎಲ್ಲರಿಗೂ ಧನ್ಯವಾದ. ಆದರೆ ನನ್ನ ಪ್ರಶ್ನೆಯನ್ನು ಬಿಟ್ಟು ಎಲ್ಲಕ್ಕೂ ಉತ್ತರ ಬಂದಿದೆ. ನಾಲ್ಕನೆಯ ಭಾಗ?

ತಕಿಟ

ಅದು ಐದರ ನಡೆ, ಐದು-ಎಂಟು ಎಂದು ಬರೆದಿದ್ದಾರೆ. ಖಂಡ ಚಾಪು ಎಂದು ಹಿಗ್ಗಿ ತಾಳ ಹಾಕಲು ಹೋದೆ, ಕೈ ಸೋತಿತು. ನಮ್ಮ ಖಂಡ ಚಾಪುವಿನಲ್ಲಿ 'ತಕ ತಕಿಟ' ಎನ್ನುವಾಗ ಎರಡಕ್ಕೂ ಮೂರಕ್ಕೂ ನಡುವೆ ಒಂದು ಸಣ್ಣ ಕುಂಟು ಇದೆ. ಆ ಕುಂಟಿನಲ್ಲೇ ಅದರ ಚಂದ. ಇಲ್ಲಿ ಐದೂ ಅಕ್ಷರಗಳು ಒಂದೇ ಬೀಸಿನಲ್ಲಿ ಹೋಗುತ್ತವೆ, ಬಿರುಗಾಳಿಗೆ ತಗಡು ಅದುರಿದ ಹಾಗೆ. ನಡುವೆ ಮೂರರ ನಡೆ ಬಂದಾಗ ಉಸಿರಾಡಲು ಸಿಗುತ್ತದೆ, ಮತ್ತೆ ಐದು.

ಆದ್ದರಿಂದ ಮೊಟಕು ಅನಿಸುವುದು ಕಾಲದಿಂದಲ್ಲ ಎಂದು ನನ್ನ ಅನುಮಾನ. ಐದರ ನಡೆಯಲ್ಲಿ ಕಿವಿ ಆರನೆಯ ಅಕ್ಷರಕ್ಕೆ ಕಾಯುತ್ತಿರುತ್ತದೆ, ಅದು ಬರುವುದೇ ಇಲ್ಲ. ಪ್ರತಿ ಆವರ್ತದಲ್ಲೂ ಏನೋ ಕತ್ತರಿಸಿದ ಹಾಗೆ.

ಹಳೆತಟ್ಟೆ

ತಕಿಟ ಅವರ ಮಾತು ನನಗೆ ಹೊಳೆದಿರಲಿಲ್ಲ. ಇದರ ಪಕ್ಕಕ್ಕೆ ಎರಡು ಸಂಗತಿ ಇಡುತ್ತೇನೆ.

ಒಂದು: ಫೋರೆಯ ಟೀಕೆಯ ನಂತರ ರಾವೆಲ್ ಡೆಬ್ಯುಸಿಯನ್ನು ಕೇಳಿದನಂತೆ, ಸಂಗೀತದ ದೇವತೆಗಳ ಆಣೆ, ಒಂದು ಸ್ವರವನ್ನೂ ಮುಟ್ಟಬೇಡ ಎಂದು ಅವನು ಉತ್ತರಿಸಿದನಂತೆ. ಈ ಕಥೆ ಎಲ್ಲ ಕಡೆಯೂ ಓಡಾಡುತ್ತದೆ, ನಾನೂ ಎಷ್ಟೋ ಸಲ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ತಮಾಷೆಯೆಂದರೆ ರಾವೆಲ್ ಮುಟ್ಟಿದ. ತಿದ್ದಿದ ಆವೃತ್ತಿಯನ್ನು ದ್ಯುರಾಂ ಪ್ರಕಾಶನ 1910ರಲ್ಲಿ ಹೊರತಂದಿತು. ಆದರೆ ನಾಲ್ಕನೆಯ ಭಾಗ ಇಂದಿಗೂ ಐದು ನಿಮಿಷದ್ದೇ. ಗುರು ಮೊಟಕು ಎಂದ ಮೇಲೂ ಉದ್ದ ಮಾಡಲಿಲ್ಲ.

ಎರಡು: 1928ರಲ್ಲಿ ತನ್ನ ಬದುಕಿನ ಬಗ್ಗೆ ಬರೆಸಿದ ಸಣ್ಣ ಟಿಪ್ಪಣಿಯಲ್ಲಿ ಅವನೇ ಈ ಕ್ವಾರ್ಟೆಟ್ ಬಗ್ಗೆ ಎರಡು ಮಾತು ಹೇಳಿದ್ದಾನೆ. ಸಂಗೀತವನ್ನು ಕಟ್ಟುವ ಒಂದು ಉದ್ದೇಶ ಅದರ ಹಿಂದಿತ್ತು, ಅದು ಪೂರ್ತಿ ಕೈಗೂಡಲಿಲ್ಲ, ಆದರೂ ಹಿಂದಿನ ಕೃತಿಗಳಿಗಿಂತ ಹೆಚ್ಚು ಸ್ಪಷ್ಟವಾಗಿ ಕಾಣಿಸುತ್ತದೆ ಎಂಬ ಅರ್ಥದ ಮಾತು. 'ಕಟ್ಟುವುದು' ಎನ್ನುತ್ತಾನೆ ನೋಡಿ. ಬಣ್ಣ, ಮಂಜು, ನೀರಿನ ಮೇಲಿನ ಬೆಳಕು ಎಂದು ನಾವು ವರ್ಣಿಸುತ್ತೇವೆ. ತಂದೆ ಎಂಜಿನಿಯರ್ ಆಗಿದ್ದ ಈ ಮನುಷ್ಯ ಕಟ್ಟಡದ ಲೆಕ್ಕ ಕೊಡುತ್ತಾನೆ.

ಲಿಯೋನ್ ಕನ್ನಡಿಗ

ದಯವಿಟ್ಟು ಇನ್ನು ಯಾರೂ ರಾವೆಲ್ ಬಗ್ಗೆ ಸಂಯೋಜಕ ಸ್ಟ್ರಾವಿನ್‌ಸ್ಕಿ ಆಡಿದ 'ಸ್ವಿಸ್ ಗಡಿಯಾರದ ಕುಶಲಕರ್ಮಿ' ಎಂಬ ಮಾತನ್ನು ತರಬೇಡಿ. ಇಲ್ಲಿ ಅದನ್ನು ಕೇಳಿ ಕೇಳಿ ಕಿವಿ ತೂತಾಗಿದೆ.

ಹಳೆತಟ್ಟೆ

ತರಬೇಡಿ ಎಂದು ಹೇಳಿ ತಂದವರು ನೀವೇ.

ಹೊಸಬ

ಎಲ್ಲಿಂದ ಕೇಳಲು ಶುರು ಮಾಡಲಿ? ತುಂಬ ಧ್ವನಿಮುದ್ರಣಗಳಿವೆ.

ಹಳೆತಟ್ಟೆ

1934ರ ಗಾಲಿಮೀರ್ ಕ್ವಾರ್ಟೆಟ್‌ನ ಮುದ್ರಣ ರಾವೆಲ್‌ನ ಉಸ್ತುವಾರಿಯಲ್ಲೇ ಆದದ್ದು. ಸರಸರ ಸದ್ದಿರುತ್ತದೆ, ಸಹಿಸಿಕೊಳ್ಳಿ. ಅದರಲ್ಲಿ ಎಲ್ಲೂ ಜೊಲ್ಲು ಸುರಿಸುವ ಮೃದುತನವಿಲ್ಲ. 1960ರ ದಶಕದ ಕ್ವಾರ್ತೆತ್ತೊ ಇತಾಲಿಯಾನೊ ತಂಡದ್ದು ಬೆಣ್ಣೆಯ ಹಾಗೆ, ಮೊದಲ ಸಲ ಕೇಳುವವರಿಗೆ ಹಿತ. ಇತ್ತೀಚಿನದ್ದು ಬೇಕೆಂದರೆ 2008ರ ಎಬೆನ್ ಕ್ವಾರ್ಟೆಟ್. ಅದೇ ಡಿಸ್ಕಿನಲ್ಲಿ ಡೆಬ್ಯುಸಿಯೂ ಇದ್ದಾನೆ, ಫೋರೆಯೂ ಇದ್ದಾರೆ. ನೆರಳೋ ಅಲ್ಲವೋ ಎಂದು ಅಲ್ಲೇ ತೂಗಿ ನೋಡಬಹುದು.

ಕಮಾನುಗಾರ್ತಿ

ಎಬೆನ್ ಹೆಸರು ಬಂದದ್ದು ಒಳ್ಳೆಯದಾಯಿತು. ಏಕೆಂದರೆ ಸಂಜೆಗಿವಿ ಅವರ ಪ್ರಶ್ನೆಯಲ್ಲಿ ಒಂದು ತುಂಡು ಬಿಟ್ಟುಹೋಗಿದೆ: ಹೀಗೆ ಹೇಳಿದ ಫೋರೆ ಸ್ವತಃ ಎಷ್ಟು ಕ್ವಾರ್ಟೆಟ್ ಬರೆದಿದ್ದರು?

ಆಗ ಒಂದೂ ಇಲ್ಲ. ಪಿಯಾನೊ ಸೇರಿಸಿ ಬರೆದಿದ್ದರು, ಬರಿಯ ನಾಲ್ಕು ತಂತಿವಾದ್ಯಗಳಿಗೆ ಬರೆದಿರಲಿಲ್ಲ. ಬೆಥೊವನ್ ನಡೆದ ದಾರಿಯಲ್ಲಿ ಕಾಲಿಡಲು ಅವರಿಗೆ ಭಯ, ಅದನ್ನು ಹೆಂಡತಿಗೆ ಬರೆದ ಪತ್ರದಲ್ಲೂ ಹೇಳಿಕೊಂಡಿದ್ದಾರೆ. ಬರೆದದ್ದು 1923ರಲ್ಲಿ ಹಿಡಿದು 1924ರಲ್ಲಿ ಮುಗಿಸಿದ ಒಂದೇ ಒಂದು, ಇ ಮೈನರ್. ಆಗ ವಯಸ್ಸು ಎಪ್ಪತ್ತೊಂಬತ್ತು, ಕಿವಿ ಹಲವು ವರ್ಷಗಳಿಂದ ಕೆಟ್ಟಿತ್ತು. ಅದೇ ಅವರ ಕೊನೆಯ ಕೃತಿ. ನವೆಂಬರ್‌ನಲ್ಲಿ ತೀರಿಕೊಂಡರು, ಸಭೆಯಲ್ಲಿ ಅದನ್ನು ಮೊದಲು ನುಡಿಸಿದ್ದು ಮರುವರ್ಷ.

ಅದರಲ್ಲಿ ಭಾಗಗಳು ಮೂರೇ.

ಅರೆಮನಸ್ಸು

ಮೊಟಕು!

ವೀಣೆಮನೆ

ನಗು ಬಂತು, ಆದರೆ ಹಾಗನ್ನಬೇಡಿ. ನಿನ್ನೆ ರಾತ್ರಿ ಅದನ್ನೂ ಕೇಳಿದೆ. ಅಲ್ಲಿ ಎಲ್ಲರೂ ತಗ್ಗಿದ ದನಿಯಲ್ಲಿ ಮಾತಾಡುತ್ತಾರೆ, ಯಾರಿಗೂ ಅವಸರವಿಲ್ಲ. ಅಂಥ ಮನುಷ್ಯನಿಗೆ ಇಪ್ಪತ್ತೆಂಟರ ಹುಡುಗನ ನಾಲ್ಕನೆಯ ಭಾಗ ಹಿಡಿಸದಿದ್ದರೆ ಆಶ್ಚರ್ಯವೇನು?

ಸಂಜೆಗಿವಿ

ನಿನ್ನೆ ಸಂಜೆ ಇಡೀ ಕೃತಿಯನ್ನು ಮತ್ತೆ ಕೇಳಿದೆ, ಈ ಸಲ ಚೆಲ್ಲೊವನ್ನು ಮಾತ್ರ ಹಿಂಬಾಲಿಸಿ. ಮೊದಲ ಭಾಗದಲ್ಲಿ ಅದು ಡಿಯಿಂದ ಎಫ್‌ಗೆ ಸರಿದ ಜಾಗ ಸಿಕ್ಕಿತು. ಗೊತ್ತಿದ್ದೂ ಮೈ ಜುಮ್ಮೆಂದಿತು.

ನಾಲ್ಕನೆಯ ಭಾಗದಲ್ಲಿ ಬಿರುಗಾಳಿಯ ನಡುವೆ ಮೂರರ ನಡೆ ಬರುತ್ತದೆ ಎಂದು ತಕಿಟ ಅವರು ಹೇಳಿದ್ದರಲ್ಲ, ಅಲ್ಲಿ ಕಿವಿಗೆ ಬಿದ್ದದ್ದು ಮೊದಲ ಭಾಗದ ಹಳೆಯ ಎಳೆಗಳೇ. ಮೂರು ವಾರ ಕೇಳಿಯೂ ಗುರುತಿಸಿರಲಿಲ್ಲ. ಮೂರನೆಯ ಭಾಗದಲ್ಲಿ ಅವು ಇಣುಕುವಾಗ ನಿಂತು ನೋಡಲು ಬಿಡುವಿರುತ್ತದೆ. ಇಲ್ಲಿ ಓಡುವ ರೈಲಿನ ಕಿಟಕಿಯಲ್ಲಿ ನಮ್ಮೂರಿನ ಹೆಸರಿನ ಫಲಕ ಹಾದುಹೋದ ಹಾಗೆ ಹೋಗಿಬಿಡುತ್ತವೆ. ಇಳಿಯಬೇಕಿತ್ತು ಎನ್ನುವಷ್ಟರಲ್ಲಿ ಊರು ಹಿಂದೆ.

ನನಗೆ ಕಾಡುತ್ತಿದ್ದದ್ದು ಇದೇ ಎಂದು ಈಗ ಅನಿಸುತ್ತದೆ. ಭಾಗ ಚಿಕ್ಕದೆಂಬುದಲ್ಲ, ಇಳಿಯಲು ಬಿಡಲಿಲ್ಲ ಎಂಬುದು. ಕೊನೆಯ ಪುಟ ಮಾತ್ರ ಈಗಲೂ ಅವಸರದ್ದೇ ಎನ್ನುತ್ತೇನೆ, ಫೋರೆ ಮೇಷ್ಟರ ಪಕ್ಷದಲ್ಲಿ ಅಷ್ಟರಮಟ್ಟಿಗೆ ಉಳಿದಿದ್ದೇನೆ.

ತಂದೆಯವರು ನಾಲ್ಕನೆಯ ಭಾಗ ಮುಗಿದ ಮೇಲೆ "ಮೀಟುವುದನ್ನು ಇನ್ನೊಂದು ಸಲ ಹಾಕು" ಎಂದರು.

ತಕಿಟ

ಅವರಿಗೆ ನನ್ನ ನಮಸ್ಕಾರ ತಿಳಿಸಿ. ನಾನಿನ್ನೂ ಐದರಲ್ಲೇ ಎಡವುತ್ತಿದ್ದೇನೆ. ಇವತ್ತು ಹನ್ನೊಂದು ಆವರ್ತ ಸರಿಯಾಗಿ ಬಂತು, ಹನ್ನೆರಡನೆಯದರಲ್ಲಿ ಅವರು ಮೂರಕ್ಕೆ ಹೋಗಿದ್ದರು, ನಾನು ಹೋಗಿರಲಿಲ್ಲ.